ಬಾಗಿಲು ಹಾಕಿದ ಮೇಲೆ ಒಳಗಿನ ಗಾಡಿ ಅಲ್ಲಾಡಬಾರದು: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಕಾಗದಗಳಲ್ಲಿ ಜಾಸ್ತಿ ಒಂದೇ ವಿಷ್ಯ ಐತೆ, ಮುಚ್ಚಿದ ಗಾಡಿ ಒಳಗೆ ಇನ್ನೊಂದು ಗಾಡಿ ಹಾಕ್ಕೊಂಡು ಹೋಗೋದು ಹೆಂಗೆ ಅಂತ. ಅದಕ್ಕೆ ಮೈಲೇಜು, ಇನ್ಶೂರೆನ್ಸು ಅಂತ ಬಂದಿರೋ ಬೇರೆ ಪ್ರಶ್ನೆಗಳನ್ನ ಮುಂದಿನ ಸಂಚಿಕೆಗೆ ಇಟ್ಕೊಂಡು ಇವನ್ನೇ ತಗೊಂಡಿದೀನಿ.

ಪ್ರಶ್ನೆ: ನಮಸ್ಕಾರ ಸರ್. ನನ್ನ ಮಗ ಅಮೆರಿಕದ ಮಿನೆಸೋಟದಲ್ಲಿದಾನೆ. ಅವನೂ ಅವನ ಗೆಳೆಯನೂ ಸೇರಿ ಹಿಮದ ಮೇಲೆ ಓಡ್ಸೋ ಸ್ನೋಮೊಬೈಲ್ ಎರಡು ತಗೊಂಡಿದಾರೆ, ಅದನ್ನ ಹಾಕ್ಕೊಂಡು ಹೋಗೋಕೆ ಗಾಡಿ ಹಿಂದೆ ಎಳೆಯೋ ಮುಚ್ಚಿದ ಟ್ರೈಲರೂ ತಗೊಂಡಿದಾರೆ. ನಾನು ಲಾರಿ ಇಟ್ಟಿದ್ದೋನು ಅಂತ ಫೋನ್ ಮಾಡಿ "ಅಪ್ಪಾ ಒಳಗೆ ಹೆಂಗೆ ಕಟ್ಟೋದು" ಅಂತಾನೆ. ನಾನು ಮೆಕ್ಕೆಜೋಳದ ಚೀಲಕ್ಕೆ ಹಗ್ಗ ಬಿಗಿದೋನು, ಈ ಗಾಡಿ ಕಣ್ಣಲ್ಲೂ ನೋಡಿಲ್ಲ. ತಿಳಿಸಿಕೊಡಿ.
– ಒಬ್ಬ ಓದುಗರು, ವಿದ್ಯಾನಗರ, ದಾವಣಗೆರೆ

ಉತ್ತರ: ಯಜಮಾನ್ರೆ, ಮಗ ನಿಮ್ಮನ್ನ ಕೇಳಿದ್ದು ಸರಿಯಾಗೇ ಐತೆ, ಯಾಕಂದ್ರೆ ಚೀಲ ಆಗ್ಲಿ ಮಷೀನ್ ಆಗ್ಲಿ, ಬ್ರೇಕ್ ಹೊಡೆದಾಗ ಮುಂದಕ್ಕೆ ನುಗ್ಗೋ ಲೆಕ್ಕ ಒಂದೇ. ಮೊದ್ಲು ಆ ಗಾಡಿ ಹೆಂಗಿರುತ್ತೆ ಹೇಳ್ತೀನಿ. ಅದಕ್ಕೆ ಚಕ್ರ ಇಲ್ಲ. ಮುಂದ್ಗಡೆ ಎರಡು ಸ್ಕೀ, ಅಂದ್ರೆ ತುದಿ ಮೇಲಕ್ಕೆ ಬಾಗಿರೋ ಉದ್ದದ ಪಟ್ಟಿ, ಹಿಂದ್ಗಡೆ ಅಗಲವಾದ ರಬ್ಬರ್ ಟ್ರ್ಯಾಕ್ ಸುತ್ತುತ್ತೆ, ಹ್ಯಾಂಡಲ್ಲು ಸೀಟು ಬೈಕಿಂದೇ. ತೂಕ 200 ರಿಂದ 300 ಕೆಜಿ. ಕೆನಡಾದ ಕ್ವಿಬೆಕ್‌ನ ಜೋಸೆಫ್ ಅರ್ಮಾಂಡ್ ಬೊಂಬಾರ್ಡಿಯರ್ ಅನ್ನೋರು 1959ರಲ್ಲಿ ಸ್ಕೀ-ಡೂ ಅಂತ ಸಣ್ಣ ಗಾಡಿ ಮಾರುಕಟ್ಟೆಗೆ ತಂದ ಮೇಲೆ ಇದು ಮನೆಮನೆಗೆ ಹೋಯ್ತು, ನಿಮ್ಮ ಮಗ ಇರೋ ಮಿನೆಸೋಟದಲ್ಲೇ ಪೊಲಾರಿಸ್, ಆರ್ಕ್ಟಿಕ್ ಕ್ಯಾಟ್ ಕಂಪನಿಗಳು ಹುಟ್ಟಿದ್ದು. ನಮ್ಮ ದೇಶದಲ್ಲಿ ನೋಡ್ಬೇಕಂದ್ರೆ ಕಾಶ್ಮೀರದ ಗುಲ್ಮಾರ್ಗ್‌ಗೆ ಹೋದ್ರೆ ಟೂರಿಸ್ಟ್‌ಗಳನ್ನ ಕೂರಿಸ್ಕೊಂಡು ಓಡಿಸ್ತಾರೆ.

ಈ ಗಾಡಿ ಬೈಕ್ ತರ ವಾಲಲ್ಲ, ಸ್ಟ್ಯಾಂಡ್ ಬೇಕಿಲ್ಲ, ತಾನಾಗೇ ನಿಂತ್ಕೊಳ್ಳುತ್ತೆ. ಜನ ಮೋಸ ಹೋಗೋದು ಅಲ್ಲೇ. ನಿಂತೈತಲ್ಲ, ಸುತ್ತ ಗೋಡೆ ಐತಲ್ಲ, ಎಲ್ಲಿಗೆ ಹೋಗುತ್ತೆ ಅಂತ ಒಂದು ಬೆಲ್ಟ್ ಸೀಟ್ ಮೇಲೆ ಎಸೆದು ಬಾಗಿಲು ಹಾಕ್ಬಿಡ್ತಾರೆ. ಆದ್ರೆ ಸ್ಕೀ ಮಾಡಿರೋದೇ ಜಾರೋಕೆ, ಒಳಗೆ ನೆಲದ ಮೇಲೆ ಹಿಮ ಕರಗಿ ನೀರಾಗಿ ಮತ್ತೆ ಹೆಪ್ಪುಗಟ್ಟಿರುತ್ತೆ, ಅದರ ಮೇಲೆ 250 ಕೆಜಿ ಮಷೀನ್ ಜಾರೋಕೆ ಶುರುವಾದ್ರೆ ಟ್ರೈಲರ್ ಗೋಡೆ ತೆಳು ಅಲ್ಯೂಮಿನಿಯಂ ಶೀಟು, ಅದೇನು ತಡೆಯಲ್ಲ. ಲೆಕ್ಕ ಹೇಳ್ತೀನಿ ಕೇಳಿ. ಅಮೆರಿಕದಲ್ಲಿ ಬಾಡಿಗೆ ಟ್ರಕ್ಕಿನವರಿಗೆ ಒಂದು ನಿಯಮ ಐತೆ, ಲೋಡ್ ಮುಂದಕ್ಕೆ ನುಗ್ಗೋದನ್ನ ತಡೆಯೋಕೆ ಅದರ ತೂಕದ ನೂರಕ್ಕೆ 80 ಭಾಗ, ಪಕ್ಕಕ್ಕೂ ಹಿಂದಕ್ಕೂ 50 ಭಾಗ ಬಲ ತಡ್ಕೊಳ್ಳೋ ಹಂಗೆ ಕಟ್ಟಿರಬೇಕು. ಯುರೋಪಲ್ಲೂ ಹೆಚ್ಚುಕಮ್ಮಿ ಇದೇ ಲೆಕ್ಕ. ಸ್ವಂತಕ್ಕೆ ಗಾಡಿ ಒಯ್ಯೋ ನಿಮ್ಮ ಮಗನಿಗೆ ಆ ನಿಯಮ ಅನ್ವಯ ಆಗ್ದೇ ಇರಬಹುದು, ಆದ್ರೆ ಬ್ರೇಕಿಗೆ ಅದು ಗೊತ್ತಾಗಲ್ಲ ನೋಡ್ರಿ. 250 ಕೆಜಿ ಗಾಡಿಗೆ ಮುಂದಕ್ಕೆ 200 ಕೆಜಿ, ಪಕ್ಕಕ್ಕೆ 125 ಕೆಜಿ ತಡ್ಕೊಳ್ಳೋ ಕಟ್ಟು ಬೇಕು, ಅದೂ ಒಂದೊಂದು ಗಾಡಿಗೆ.

ಮುಂದ್ಗಡೆ ಕಟ್ಟೋಕೆ ಅಲ್ಲಿ ಸ್ಕೀ ಬಾರ್ ಅಂತ ಸಿಗುತ್ತೆ. ನೊಗ ಎತ್ತಿನ ಹೆಗಲ ಮೇಲೆ ಕೂರೋ ಹಂಗೆ ಒಂದು ಕಬ್ಬಿಣದ ಅಡ್ಡಪಟ್ಟಿ ಎರಡೂ ಸ್ಕೀ ಮೇಲೆ ಕೂರುತ್ತೆ, ಮಧ್ಯದಲ್ಲಿ ಒಂದು ದಪ್ಪ ಬೋಲ್ಟ್, ಅದನ್ನ ತಿರುಗಿಸ್ತಾ ಹೋದ್ರೆ ಸ್ಕೀ ನೆಲಕ್ಕೆ ಒತ್ತಿ ಕೂರುತ್ತೆ. ಇದು ಒಳ್ಳೆ ವ್ಯವಸ್ಥೆ, ಬೆಲ್ಟಿಗಿಂತ ಬೇಗ ಆಗುತ್ತೆ. ಆದ್ರೆ ಆ ಬೋಲ್ಟ್ ಕಚ್ಚಿರೋದು ಯಾವುದಕ್ಕೆ ಅಂತ ಮಗನಿಗೆ ಟ್ರೈಲರ್ ಕೆಳಗೆ ತೂರಿ ನೋಡೋಕೆ ಹೇಳಿ. ನೆಲ ಪ್ಲೈವುಡ್ಡಿಂದು ಇರುತ್ತೆ, ಬರೀ ಪ್ಲೈವುಡ್ಡಿಗೆ ಕಚ್ಚಿದ್ರೆ ಎರಡು ಚಳಿಗಾಲ ನೀರು ಕುಡಿದ ಮೇಲೆ ಅದು ಮೆತ್ತಗಾಗಿ ಬೋಲ್ಟ್ ಕಿತ್ಕೊಂಡು ಬರುತ್ತೆ. ಕೆಳಗಿನ ಕಬ್ಬಿಣದ ಅಡ್ಡ ಚಾನಲ್‌ಗೆ ಹೋಗಿರಬೇಕು, ಇಲ್ಲಾಂದ್ರೆ ಕೆಳಗೆ ಅಗಲವಾದ ಪ್ಲೇಟ್ ಕೊಟ್ಟು ನಟ್ ಹಾಕಿರಬೇಕು.

ಬಾರ್ ಹಾಕಿದ್ವಿ ಅಂತ ಹಿಂದ್ಗಡೆ ಬಿಡಂಗಿಲ್ಲ, ಬಿಟ್ರೆ ರಸ್ತೆಯ ಪ್ರತಿ ಉಬ್ಬಿಗೂ ಹಿಂಭಾಗ ಎಗರಿ ಎಗರಿ ಪಕ್ಕಕ್ಕೆ ಸರಿದು ಇನ್ನೊಂದು ಗಾಡಿಗೆ ಬಡಿಯುತ್ತೆ. ಹಿಂದಿನ ಬಂಪರ್ ಕಂಬಿ ಗಟ್ಟಿ ಇರುತ್ತೆ, ಅದಕ್ಕೆ ಎಡಕ್ಕೊಂದು ಬಲಕ್ಕೊಂದು ರ್‍ಯಾಚೆಟ್ ಬೆಲ್ಟ್ (ಹಿಡಿ ಆಡಿಸಿದಂಗೆ ಬಿಗಿಯಾಗುತ್ತೆ, ಹಿಂದಕ್ಕೆ ಜಾರಲ್ಲ) ಹಾಕಿ ನೆಲದ ರಿಂಗಿಗೆ ಓರೆಯಾಗಿ, ಹಿಂದಕ್ಕೂ ಹೊರಕ್ಕೂ ಎಳೆದು ಬಿಗೀಬೇಕು. ಸ್ಪ್ರಿಂಗು ಸ್ವಲ್ಪ ಕುಗ್ಗಿದ್ರೆ ಸಾಕು, ಪೂರ್ತಿ ಅಮುಕಬಾರದು. ಹ್ಯಾಂಡಲ್ಲಿಗೆ, ಸೀಟಿಗೆ, ಮೇಲಿನ ಪ್ಲಾಸ್ಟಿಕ್ ಹುಡ್ಡಿಗೆ ಬೆಲ್ಟ್ ಹಾಕೋದೇ ಬೇಡ, ಅವು ಮುರಿಯೋವು, ಬೆಲ್ಟೂ ಜಾರುತ್ತೆ. ಬಿಗಿಯೋಕೆ ಮುಂಚೆ ಟ್ರ್ಯಾಕಿಗೆ, ಕೊಕ್ಕೆಗೆ ಅಂಟಿರೋ ಐಸ್ ಬಡಿದು ಕೆಡವಬೇಕು. ಐಸ್ ಮೇಲೆ ಬಿಗಿದ ಬೆಲ್ಟು ಐಸ್ ಕರಗಿದ ಕೂಡ್ಲೇ ಸಡಿಲ ಆಗುತ್ತೆ, ಬಾಗಿಲು ಮುಚ್ಚಿರೋದ್ರಿಂದ ಓಡಿಸೋರಿಗೆ ಅದು ಕಾಣೋದೇ ಇಲ್ಲ. ಓಪನ್ ಲಾರಿ ಆಗಿದ್ರೆ ನೀವು ಕನ್ನಡಿಯಲ್ಲಿ ನೋಡಿ ಹಗ್ಗ ಹಾರಾಡ್ತೈತೆ ಅಂತ ನಿಲ್ಲಿಸ್ತಿದ್ರಿ ಅಲ್ವಾ, ಇಲ್ಲಿ ಆ ಸೌಕರ್ಯ ಇಲ್ಲ. ಅದಕ್ಕೇ ಅಲ್ಲಿನ ಟ್ರಕ್ಕಿನವರು ಹೊರಟು ಮೊದಲ 50 ಮೈಲಿ, ಅಂದ್ರೆ 80 ಕಿಲೋಮೀಟರ್ ಒಳಗೆ ಒಂದ್ಸಲ ನಿಲ್ಲಿಸಿ ಕಟ್ಟು ನೋಡ್ಲೇಬೇಕು ಅಂತ ನಿಯಮ ಇಟ್ಟಿದಾರೆ. ಮಗನಿಗೆ ಇನ್ನೂ ಬೇಗ, 20–30 ಕಿಲೋಮೀಟರಿಗೇ ನಿಲ್ಲಿಸೋಕೆ ಹೇಳಿ. ಮಿನ್ನಿಯಾಪೊಲಿಸ್‌ನಿಂದ ಡುಲುತ್‌ಗೆ ಹೋದ್ರೂ ಹತ್ತಿರ ಹತ್ತಿರ ನಮ್ಮ ದಾವಣಗೆರೆಯಿಂದ ಬೆಂಗಳೂರಿಗೆ ಹೋದಷ್ಟೇ ದಾರಿ, ಅದರಲ್ಲಿ ಎರಡು ಸಲ ಐದೈದು ನಿಮಿಷ ನಿಲ್ಲೋದು ದೊಡ್ಡ ವಿಷ್ಯ ಅಲ್ಲ.

ತೂಕ ಇಡೋದ್ರ ಬಗ್ಗೆ ಲಾರಿಯವರಿಗೆ ಅಷ್ಟಾಗಿ ಗೊತ್ತಿರದ ಒಂದು ಮಾತು ಐತೆ. ಲಾರಿಗೆ ಮುಂದೂ ಹಿಂದೂ ಆಕ್ಸೆಲ್, ಅಂದ್ರೆ ಚಕ್ರದ ಅಚ್ಚು, ಇರುತ್ತೆ, ಈ ಟ್ರೈಲರಿಗೆ ಮಧ್ಯದಲ್ಲಿ ಮಾತ್ರ. ಒಳಗಿನ ಲೋಡಲ್ಲಿ ನೂರಕ್ಕೆ 60 ಭಾಗ ಆಕ್ಸೆಲ್‌ಗಿಂತ ಮುಂದೆ ಬರಬೇಕು, ಟ್ರೈಲರಿನ ಒಟ್ಟು ತೂಕದಲ್ಲಿ 10 ರಿಂದ 15 ಭಾಗ ಎಳೆಯೋ ಗಾಡಿಯ ಕೊಂಡಿ ಮೇಲೆ ಕೂರಬೇಕು. ಟ್ರೈಲರ್ 600, ಎರಡು ಸ್ನೋಮೊಬೈಲ್ 500, ಒಟ್ಟು 1100 ಕೆಜಿ ಅಂದ್ರೆ ಕೊಂಡಿ ಮೇಲೆ 110 ರಿಂದ 165 ಕೆಜಿ. ಹಿಂದೆ ಭಾರ ಜಾಸ್ತಿ ಆದ್ರೆ ಟ್ರೈಲರ್ ಸ್ಪೀಡಲ್ಲಿ ಬಾಲ ಆಡಿಸೋಕೆ ಶುರು ಮಾಡುತ್ತೆ, ಆಮೇಲೆ ಎಳೆಯೋ ಗಾಡಿನೂ ಕೈಗೆ ಸಿಗಲ್ಲ. ಎರಡು ಗಾಡಿ ಅಕ್ಕಪಕ್ಕ ಹಿಡಿಯಲ್ಲ ಅಂದ್ರೆ ಒಂದನ್ನ ಸ್ವಲ್ಪ ಮುಂದೆ ಒಂದನ್ನ ಹಿಂದೆ ನಿಲ್ಲಿಸ್ತಾರೆ, ಆಗ ಈ ಲೆಕ್ಕ ಇನ್ನೊಂದ್ಸಲ ನೋಡ್ಕೋಬೇಕು.

ಒಳಗೆ ಹತ್ತಿಸುವಾಗ ಎಂಜಿನ್ ಜೋರು ಮಾಡ್ಬಾರದು. ಅದರ ಎಕ್ಸಲರೇಟರ್ ಹೆಬ್ಬೆರಳಿಂದ ಒತ್ತೋ ಲಿವರು, ಚಳಿಗೆ ದಪ್ಪ ಗ್ಲೌಸ್ ಹಾಕಿರ್ತಾರೆ, ಒಂದ್ಚೂರು ಜಾಸ್ತಿ ಒತ್ತಿದ್ರೆ ನೇರ ಮುಂದಿನ ಗೋಡೆಗೆ. ಮುಂದೆ ಯಾರೂ ನಿಂತಿರಬಾರದು, ಎಳೆದ ಕೂಡ್ಲೇ ಎಂಜಿನ್ ಆಫ್ ಮಾಡೋ ದಾರ ಮೈಗೆ ಸಿಗಿಸ್ಕೊಂಡಿರಬೇಕು, ಒಳಗೆ ಹೋದ ಕೂಡ್ಲೇ ಬಂದ್ ಮಾಡ್ಬೇಕು. ಮುಚ್ಚಿದ ಡಬ್ಬಿಯಲ್ಲಿ ಎಂಜಿನ್ ಓಡ್ತಾ ಇದ್ರೆ ಕಾರ್ಬನ್ ಮೊನಾಕ್ಸೈಡ್ ತುಂಬುತ್ತೆ, ಅದಕ್ಕೆ ವಾಸನೆನೂ ಇಲ್ಲ ಬಣ್ಣನೂ ಇಲ್ಲ. ಪೆಟ್ರೋಲ್ ಆವಿ ಇನ್ನೊಂದು ಅಪಾಯ, ಮೈನಸ್ 40 ಡಿಗ್ರಿ ಹತ್ತಿರದ ಚಳಿಯಲ್ಲೂ ಅದು ಕಿಡಿಗೆ ಹೊತ್ಕೊಳ್ಳುತ್ತೆ. ಹಂಗಾಗಿ ಗೋಡೆಯ ಗಾಳಿ ಕಿಂಡಿ ತೆಗೆದೇ ಇರಬೇಕು, ಪೆಟ್ರೋಲ್ ಕ್ಯಾನ್ ಒಳಗೆ ಇಡೋದು ಬೇಡ, ಐಸ್ ಕರಗಿಸೋಕೆ ಅಂತ ಗ್ಯಾಸ್ ಹೀಟರ್ ಹಚ್ಚೋದಂತೂ ಬೇಡವೇ ಬೇಡ. ಇದನ್ನ ಮಗನಿಗೆ ನೀವೇ, ಅಪ್ಪನ ಗಂಟಲಲ್ಲಿ ಹೇಳಿ.

ಪ್ರಶ್ನೆ: ಅಣ್ಣಾರೆ, ನಾವು ಮುಂದಿನ ತಿಂಗಳು ಚಿತ್ರದುರ್ಗದಿಂದ ಬೆಂಗಳೂರಿಗೆ ಮನೆ ಶಿಫ್ಟ್ ಮಾಡ್ತಾ ಇದೀವಿ. ಮುಚ್ಚಿದ ಬಾಡಿ ಇರೋ ಟಾಟಾ ಏಸ್ ಹೇಳಿದೀವಿ, ನಮ್ಮೋರ ಬುಲೆಟ್ಟು ನನ್ನ ಆಕ್ಟಿವಾ ಎರಡೂ ಅದರಲ್ಲೇ ಹಾಕಿ ಮಿಕ್ಕ ಜಾಗದಲ್ಲಿ ಸಾಮಾನು ತುಂಬ್ತೀವಿ ಅಂತಾರೆ. ಕಟ್ಟೋದು ಹೆಂಗೆ ಅಂದ್ರೆ ಡ್ರೈವರ್ರು "ಏನೂ ಬೇಡ ಮೇಡಂ, ನಮ್ಮ ಹುಡ್ಗ ಒಳಗೆ ಕೂತು ಹಿಡ್ಕೊಂಡಿರ್ತಾನೆ" ಅಂದ್ರು. ನಂಗೆ ಸಮಾಧಾನ ಆಗ್ತಿಲ್ಲ.
– ಓದುಗರು, ಚಿತ್ರದುರ್ಗ

ಉತ್ತರ: ಅಕ್ಕಾರೆ, ನಿಮಗೆ ಸಮಾಧಾನ ಆಗ್ದೇ ಇದ್ದದ್ದು ಒಳ್ಳೇದೇ ಆಯ್ತು. ಆ ಹುಡ್ಗನ್ನ ಒಳಗೆ ಕೂರಿಸೋಕೆ ಬಿಡಲೇಬೇಡಿ. ಬುಲೆಟ್ ಕ್ಲಾಸಿಕ್ 350 ಇದ್ರೆ 195 ಕೆಜಿ, ಮೇಲೆ ಹೇಳಿದ ಲೆಕ್ಕದಲ್ಲಿ ಜೋರು ಬ್ರೇಕಿಗೆ 156 ಕೆಜಿ ಬಲ ಮುಂದಕ್ಕೆ ಬರುತ್ತೆ, ಯಾವ ಮನುಷ್ಯನ ಕೈ ಅದನ್ನ ಹಿಡಿಯುತ್ತೆ ಹೇಳಿ. ಗಾಡಿ ಮೈಮೇಲೆ ಬೀಳುತ್ತೆ, ಬಾಗಿಲು ಹೊರಗಿಂದ ಚಿಲಕ, ಒಳಗೆ ಕತ್ತಲು, ಕಬ್ಬಿಣದ ಡಬ್ಬಿ ಬಿಸಿಲಿಗೆ ಕಾದಿರುತ್ತೆ, ಪೆಟ್ರೋಲ್ ವಾಸನೆ, ಕೂಗಿದ್ರೆ ಡ್ರೈವರಿಗೆ ಕೇಳಲ್ಲ. ಗೂಡ್ಸ್ ಗಾಡಿ ಹಿಂದೆ ಜನ ಕೂರಿಸೋದು ಕಾನೂನಿಗೂ ತಪ್ಪು. ಆ ಹುಡ್ಗನೂ ಯಾರದೋ ಮನೆ ಮಗ. ನಮ್ಮ ಕಡೆ ಇದು ಮಾಮೂಲಿ ಆಗ್ಬಿಟ್ಟೈತೆ ಅನ್ನೋದೇ ನಂಗೆ ಬಹಳ ಸಂಕಟ, ಫ್ರಿಜ್ಜು ಹಿಡ್ಕೊಳ್ಳೋಕೆ ಒಬ್ಬ, ಬೈಕ್ ಹಿಡ್ಕೊಳ್ಳೋಕೆ ಒಬ್ಬ. ಹಿಡ್ಕೊಳ್ಳೋಕೆ ಜನ ಬೇಕು ಅಂದ್ರೆ ಕಟ್ಟು ಸರಿ ಇಲ್ಲ ಅಂತ್ಲೇ ಅರ್ಥ.

ಇನ್ನು ಗಾಡಿ ವಿಷ್ಯ. ಏಸ್ ಬಾಡಿ ಉದ್ದ ಸುಮಾರು 2.2 ಮೀಟರ್, ಅಗಲ ಒಂದೂವರೆ ಮೀಟರಿಗೆ ಒಂದ್ಚೂರು ಕಮ್ಮಿ. ಬುಲೆಟ್ಟೇ 2.1 ಮೀಟರ್ ಮೇಲೆ ಉದ್ದ ಐತೆ. ಎರಡು ಗಾಡಿ ಹಾಕಿದ ಮೇಲೆ ಸಾಮಾನಿಗೆ ಎಲ್ಲೈತೆ ಜಾಗ, ಗಾಡಿ ಸಂದಿಗೆ ಪಾತ್ರೆ ಡಬ್ಬ ತುರುಕ್ತಾರೆ ಅಷ್ಟೇ, ಬೆಂಗಳೂರು ಮುಟ್ಟೋಷ್ಟರಲ್ಲಿ ಟ್ಯಾಂಕೂ ಗೀರು ಪಾತ್ರೆನೂ ನಜ್ಜುಗುಜ್ಜು. 14 ಅಡಿ ಕಂಟೇನರ್ ಸಿಗುತ್ತಾ ಕೇಳಿ, ಬಾಡಿಗೆ ಜಾಸ್ತಿ ಆದ್ರೂ ಎರಡು ಟ್ರಿಪ್ ತಪ್ಪುತ್ತೆ. ಮೊದ್ಲು ಬೈಕು ಮುಂದ್ಗಡೆ ಗೋಡೆಗೆ ಹತ್ತಿಸಿ ಕಟ್ಟಿ, ಆಮೇಲೆ ಒಂದು ಹಲಗೆನೋ ಹಾಸಿಗೆನೋ ಅಡ್ಡ ಇಟ್ಟು ಸಾಮಾನು. ಗ್ಯಾಸ್ ಸಿಲಿಂಡರ್ ಆ ಡಬ್ಬಿ ಒಳಗೆ ಬೇಡ.

ಬೈಕ್ ಕಟ್ಟೋದು ಹಿಂಗೆ. ಮುಂದಿನ ಚಕ್ರ ಗೋಡೆಗೆ ನೇರ ಒತ್ತಿರಬೇಕು, ನಡುವೆ ಹಳೇ ಟೈರಿನ ತುಂಡೋ ದಪ್ಪ ಗೋಣಿಚೀಲನೋ ಇಡಿ. ಹ್ಯಾಂಡಲ್ ಕೆಳಗೆ, ಮುಂದಿನ ಚಕ್ರಕ್ಕೆ ಇಳಿದಿರೋ ಎರಡು ಫೋರ್ಕನ್ನೂ ಹಿಡ್ಕೊಂಡಿರೋ ದಪ್ಪ ಕಬ್ಬಿಣ ಐತಲ್ಲ, ಬೆಲ್ಟ್ ಹಾಕ್ಬೇಕಾಗಿರೋದು ಅದಕ್ಕೆ, ಹ್ಯಾಂಡಲ್ ತುದಿಗಲ್ಲ. ಅಲ್ಲಿಂದ ಎಡಕ್ಕೊಂದು ಬಲಕ್ಕೊಂದು, ಮುಂದಕ್ಕೂ ಹೊರಕ್ಕೂ 45 ಡಿಗ್ರಿ ಓರೆ ಬರೋ ಹಂಗೆ ನೆಲದ ರಿಂಗಿಗೆ. ಎರಡನ್ನೂ ಸರದಿ ಮೇಲೆ ಸ್ವಲ್ಪ ಸ್ವಲ್ಪವೇ ಬಿಗಿಬೇಕು, ಮುಂದಿನ ಶಾಕ್ ಅರ್ಧ ಕುಗ್ಗಿದ್ರೆ ಸಾಕು, ಪೂರ್ತಿ ಕುಗ್ಗಿಸಿದ್ರೆ ಫೋರ್ಕ್ ಆಯಿಲ್ ಸೀಲ್ ಹೋಗುತ್ತೆ. ಹಿಂದೆನೂ ಚಾಸಿಗೆ ಇನ್ನೆರಡು ಬೆಲ್ಟು, ಹಿಂದಕ್ಕೆ ಎಳೆದ ಹಂಗೆ. ನಾಲ್ಕೂ ಬಿಗಿದಾದ ಮೇಲೆ ಸೈಡ್ ಸ್ಟ್ಯಾಂಡ್ ಎತ್ತಿಬಿಡಿ, ಗಾಡಿ ಬೆಲ್ಟ್ ಮೇಲೇ ನೆಟ್ಟಗೆ ನಿಲ್ಲಬೇಕು. ತುಂಬಾ ಜನ ಸ್ಟ್ಯಾಂಡ್ ಹಾಕಿಯೇ ಮೇಲಿಂದ ಬಿಗಿತಾರೆ, ಹಳ್ಳ ಬಂದಾಗ ಆ ಭಾರ ಎಲ್ಲಾ ಸ್ಟ್ಯಾಂಡ್ ಮೇಲೆ ಬಿದ್ದು ಅದು ಬಾಗುತ್ತೆ, ಇಲ್ಲ ನೆಲ ತೂತಾಗುತ್ತೆ. ಆಕ್ಟಿವಾಗೂ ಇದೇ ಕ್ರಮ, ಆದ್ರೆ ಅದರ ಮೈಯೆಲ್ಲಾ ಫೈಬರು ತಗಡು, ಬೆಲ್ಟ್ ಹೋಗೋ ಕಡೆ ಎಲ್ಲಾ ಹಳೇ ಟವೆಲ್ ಸುತ್ತಿ. ಎರಡನ್ನ ಒಂದೊಂದು ದಿಕ್ಕಿಗೆ ಮುಖ ಮಾಡಿ ನಿಲ್ಲಿಸಿದ್ರೆ ಹ್ಯಾಂಡಲ್ ತಾಗಲ್ಲ, ಕನ್ನಡಿ ಬಿಚ್ಚಿಡಿ. ಹಿಂದಕ್ಕೆ ಮುಖ ಮಾಡಿ ನಿಂತ ಗಾಡಿಗೆ ಬ್ರೇಕ್ ಹೊಡೆದಾಗ ತಡೆಯೋದು ಹ್ಯಾಂಡಲ್ ಕಡೆ ಬೆಲ್ಟು, ಅದಕ್ಕೆ ಒಳ್ಳೆ ಬೆಲ್ಟು ಆ ಕಡೆ ಇರಲಿ.

ಪೆಟ್ರೋಲ್ ಕಮ್ಮಿ ಇಡಿ. ರೈಲಲ್ಲಿ ಬೈಕ್ ಪಾರ್ಸೆಲ್ ಹಾಕಿದ್ರೆ ಟ್ಯಾಂಕ್ ಪೂರ್ತಿ ಖಾಲಿ ಮಾಡಿಸ್ತಾರೆ, ಸುಮ್ನೆ ಮಾಡ್ಸಲ್ಲ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ಮೇಲಕ್ಕೆ ಹೋಗ್ದೆ ನೆಲದಲ್ಲೇ ಹರಡುತ್ತೆ, ಬಾಗಿಲು ತೆಗೆದ ಕೂಡ್ಲೇ ಬೀಡಿ ಹಚ್ಚೋ ಹಮಾಲಿ ಇದ್ರೆ ಮುಗೀತು. ಹಳೇ ಬುಲೆಟ್ ಆದ್ರೆ ಪೆಟ್ರೋಲ್ ಕಾಕ್ ಆಫ್ ಮಾಡಿ. ಹೊರಟ ಮೇಲೆ ಐಮಂಗಲ ಬರೋಷ್ಟರಲ್ಲಿ ಒಂದ್ಸಲ ನಿಲ್ಲಿಸಿ ಬಾಗಿಲು ತೆಗೆದು ಬೆಲ್ಟ್ ಕೈಯಲ್ಲಿ ಅಲ್ಲಾಡಿಸಿ ನೋಡೋಕೆ ಹೇಳಿ, ಮತ್ತೆ ಶಿರಾದಲ್ಲಿ ಊಟಕ್ಕೆ ನಿಂತಾಗ ಇನ್ನೊಂದ್ಸಲ.

ಪ್ರಶ್ನೆ: ಬೆಲ್ಟ್ ಎಲ್ಲಾ ಯಾಕೆ ಸರ್, ನೈಲಾನ್ ಹಗ್ಗ ಸಾಲಲ್ವಾ? ಆನ್‌ಲೈನಲ್ಲಿ 2 ಟನ್ ಬೆಲ್ಟ್ ಅಂತ ಬರ್ತವೆ, ನಂಬಬಹುದಾ?
– ಓದುಗರು, ಚಳ್ಳಕೆರೆ

ಉತ್ತರ: ಹಗ್ಗದಲ್ಲಿ ತಪ್ಪಿಲ್ಲ, ಲಾರಿಯವರು ಎಳೆದು ಹಾಕೋ ಗಂಟು ಗೊತ್ತಿದ್ದೋರು ಚೀಲನ ಊರೂರು ದಾಟಿಸ್ತಾರೆ. ಆದ್ರೆ ನೈಲಾನ್ ಹಿಗ್ಗುತ್ತೆ, ನೆಂದ್ರೆ ಇನ್ನೂ ಹಿಗ್ಗುತ್ತೆ. ಚೀಲ ಒಂದಕ್ಕೊಂದು ಒತ್ತಿ ಕೂತಿರೋದ್ರಿಂದ ಅದು ನಡೆಯುತ್ತೆ, ಚಕ್ರದ ಮೇಲೆ ಒಂಟಿಯಾಗಿ ನಿಂತಿರೋ ಬೈಕಿಗೆ ನಡೆಯಲ್ಲ. ಪಾಲಿಯೆಸ್ಟರ್ ಬೆಲ್ಟ್ ಅಷ್ಟು ಹಿಗ್ಗಲ್ಲ, ರ್‍ಯಾಚೆಟ್ ಇದ್ರೆ ಬಿಗಿದದ್ದು ಬಿಗಿದಂಗೆ ಇರುತ್ತೆ. 2 ಟನ್ ಅಂತ ಬರೆದಿರೋದು ಎಷ್ಟೋ ಸಲ ಬೆಲ್ಟ್ ಹರಿಯೋ ಬಲ, ಕೆಲಸಕ್ಕೆ ಅದರ ಮೂರನೇ ಒಂದು ಭಾಗ ಮಾತ್ರ ಲೆಕ್ಕಕ್ಕೆ ತಗೋಬೇಕು, ಅಂದ್ರೆ ಆರೂವರೆ ಕ್ವಿಂಟಾಲ್. ಬೈಕಿಗೆ ಅದು ಧಾರಾಳ. ಹೊಲಿಗೆ ಹತ್ರ ಲೇಬಲ್ಲೇ ಇಲ್ದಿರೋ ಬೆಲ್ಟ್ ತಗೋಬೇಡಿ, ಅಂಚು ಹರಿದದ್ದು, ಬಿಸಿಲಿಗೆ ಬಣ್ಣ ಹೋಗಿ ಬಿರುಸಾದದ್ದು ಎಸೆದುಬಿಡಿ. ಗಂಟು ಹಾಕಿ ಬೆಲ್ಟ್ ಉದ್ದ ಮಾಡೋದು ಬೇಡ, ಗಂಟಿದ್ದ ಕಡೆ ಅದರ ಬಲ ಅರ್ಧಕ್ಕರ್ಧ ಇಳಿಯುತ್ತೆ.

ಪ್ರಶ್ನೆ: ನಮ್ಮ ಪವರ್ ಟಿಲ್ಲರ್ ಅಡಿಕೆ ತೋಟಕ್ಕೆ ಬಾಡಿಗೆಗೆ ಹೋಗುತ್ತೆ. ಮಳೆಗಾಲದಲ್ಲಿ ಮುಚ್ಚಿದ ಬಾಡಿಯಲ್ಲಿ ಒಯ್ಯಬಹುದಾ?
– ಓದುಗರು, ಹೊಳಲ್ಕೆರೆ

ಉತ್ತರ: ಒಯ್ಯಬಹುದು, ಆದ್ರೆ ನಾನಾದ್ರೆ ಓಪನ್ ಪಿಕಪ್ಪಲ್ಲಿ ತಾಡಪಾಲು ಮುಚ್ಚಿ ಒಯ್ತೀನಿ. 13 ಎಚ್‌ಪಿ ಟಿಲ್ಲರ್ ಅಂದ್ರೆ ನಾನೂರು ಕೆಜಿ ಆಸುಪಾಸು, ಭಾರ ಪೂರ್ತಿ ಎಂಜಿನ್ ಕಡೆ, ಹಲಗೆ ಮೇಲೆ ಹತ್ತಿಸುವಾಗ ಮುಚ್ಚಿದ ಬಾಡಿಯಲ್ಲಿ ನಿಮಗೆ ಪಕ್ಕಕ್ಕೆ ಸರಿಯೋಕೆ ಜಾಗ ಇರಲ್ಲ, ಹ್ಯಾಂಡಲ್ಲಿಗೂ ಗೋಡೆಗೂ ನಡುವೆ ಸಿಕ್ಕಿಹಾಕ್ಕೊಂಡ್ರೆ ಎದೆಮೂಳೆ ಹೋಗುತ್ತೆ. ಮುಚ್ಚಿದ್ರಲ್ಲೇ ಒಯ್ಯಬೇಕು ಅಂದ್ರೆ ಎಂಜಿನ್ ಬಂದ್ ಮಾಡಿ ಮುಂದಿನ ಗೋಡೆಗೆ ರಾಟೆ ಹಾಕಿ ಎಳೆಸಿ. ಚಕ್ರಕ್ಕೆ ಮುಂದೂ ಹಿಂದೂ ಮರದ ಅಡೆ ಕೊಟ್ಟು, ಬೆಲ್ಟು ಚಾಸಿಗೆ ಹಾಕಿ, ರೋಟರಿ, ಅಂದ್ರೆ ಮಣ್ಣು ಅಗೆಯೋ ಬ್ಲೇಡಿನ ಭಾಗ, ನೆಲಕ್ಕೆ ಇಳಿಸಿಬಿಡಿ.

ಪ್ರಶ್ನೆ: ಹರಿಹರದಲ್ಲಿ ನಂದು ಮುಚ್ಚಿದ ಬಾಡಿ ಪಿಕಪ್ ಐತೆ, ಬೈಕ್ ಲೋಡ್ ಜಾಸ್ತಿ ಬರ್ತವೆ. ನೆಲಕ್ಕೆ ರಿಂಗ್ ಹಾಕಿಸ್ಬೇಕು ಅಂತಿದೀನಿ, ವೆಲ್ಡಿಂಗ್ ಹೊಡೆಸಿದ್ರೆ ಸಾಕಾ?
– ಓದುಗರು, ಹರಿಹರ

ಉತ್ತರ: ತಮ್ಮಾ, ಇಂಥ ಯೋಚನೆ ಮಾಡಿದ್ದೇ ಖುಷಿ. ಮೇಲಿನ ಚೆಕರ್ ಶೀಟಿಗೆ ಬರೀ ವೆಲ್ಡಿಂಗ್ ಹೊಡೆಸಿದ್ರೆ ಶೀಟು ತೆಳು, ಎಳೆತಕ್ಕೆ ಶೀಟ್ ಸಮೇತ ಮೇಲೆ ಬರುತ್ತೆ. ಕೆಳಗಿನ ಅಡ್ಡ ಚಾನಲ್ ಎಲ್ಲೈತೆ ಗುರುತು ಮಾಡ್ಕೊಂಡು ಅದರ ಮೇಲೇ ಡಿ ರಿಂಗ್ ಬರೋ ಹಂಗೆ ತೂತು ಹೊಡೆಸಿ ಬೋಲ್ಟ್ ಹಾಕಿಸು, ಚಾನಲ್ ಸಿಗದ ಕಡೆ ಕೆಳಗೆ ಅಂಗೈ ಅಗಲದ ದಪ್ಪ ಪ್ಲೇಟ್ ಕೊಟ್ಟು ಲಾಕ್ ನಟ್ ಹಾಕಿಸು. ಒಂದು ಬೈಕಿಗೆ ನಾಲ್ಕು ರಿಂಗ್ ಲೆಕ್ಕ, ಮುಂದಿನವು ಗೋಡೆಗೆ ಹತ್ರ, ಎರಡೂ ಪಕ್ಕದ ಅಂಚಿಗೆ ಆದಷ್ಟು ಹೊರಗೆ, ಆಗ ಬೆಲ್ಟಿಗೆ ಓರೆ ಸಿಗುತ್ತೆ. ಮಡಚಿಕೊಳ್ಳೋ ರಿಂಗ್ ಹಾಕಿಸು, ಹಮಾಲಿಗಳು ಎಡವಲ್ಲ. ತೂತು ಹೊಡೆಯೋಕೆ ಮುಂಚೆ ಕೆಳಗೆ ಡೀಸೆಲ್ ಟ್ಯಾಂಕು, ಬ್ರೇಕ್ ಪೈಪು, ವೈರಿಂಗ್ ಎಲ್ಲಿ ಹೋಗೈತೆ ನೋಡ್ಲೇಬೇಕು. ಎಲ್ಲಾದ್ರೂ ವೆಲ್ಡಿಂಗ್ ಮಾಡಿಸೋದಿದ್ರೆ ಬ್ಯಾಟರಿ ಕನೆಕ್ಷನ್ ಬಿಚ್ಚಿಸು. ತೂತಿನ ಅಂಚಿಗೆ ಪೇಂಟ್ ಹೊಡೆಸದೇ ಬಿಟ್ರೆ ಅಲ್ಲಿಂದಲೇ ತುಕ್ಕು ಶುರುವಾಗುತ್ತೆ. ಹಂಗೇ ಮೇಲ್ಗಡೆ ಮುಂದೊಂದು ಹಿಂದೊಂದು ಗಾಳಿ ಕಿಂಡಿ, ಕೆಳಗೆ ನೆಲದ ಹತ್ರನೂ ಎರಡು ಜಾಲರಿ ಕಿಂಡಿ ಇಡಿಸು, ಪೆಟ್ರೋಲ್ ಆವಿ ಕೆಳಗೇ ನಿಲ್ಲೋದ್ರಿಂದ ಮೇಲಿನದ್ದು ಒಂದೇ ಸಾಲಲ್ಲ. ತಿಂಗಳಿಗೊಮ್ಮೆ ಕೆಳಗೆ ತೂರಿ ನಟ್‌ಗಳಿಗೆ ಸ್ಪ್ಯಾನರ್ ಹಾಕಿ ನೋಡು, ಸಡಿಲ ಆಗಿದ್ರೆ ನಟ್ ಹೊಸದೇ ಹಾಕ್ಸು, ಹಳೇದನ್ನೇ ಮತ್ತೆ ಬಿಗಿಯೋದು ಬೇಡ.